ಮಕ್ಕಳ ಆಸ್ಪತ್ರೆಯ ಸಮಿತಿಯಲ್ಲಿ ಅಪ್ಪ-ಅಮ್ಮಂದಿರಿಗೂ ಕುರ್ಚಿ ಬೇಕು

ಮಾನ್ಯ ಸಂಪಾದಕರೇ,

ಮಕ್ಕಳ ವಾರ್ಡು ನಡೆಯುವುದು ಅರ್ಧ ಸಿಬ್ಬಂದಿಯಿಂದ, ಇನ್ನರ್ಧ ಅಮ್ಮಂದಿರಿಂದ. ಉಡುಪಿ, ಮಂಗಳೂರಿನ ಯಾವ ಆಸ್ಪತ್ರೆಗೆ ಬೇಕಾದರೂ ಹೋಗಿ ನೋಡಿ. ಸಿರಪ್ ಕುಡಿಸುವುದು ಅಮ್ಮ. ಡ್ರಿಪ್ಸ್ ಮುಗಿಯುತ್ತಾ ಬಂತು ಎಂದು ಓಡಿ ಹೋಗಿ ಸಿಸ್ಟರಿಗೆ ಹೇಳುವುದು ಅಮ್ಮ. ಮಗು ಎಷ್ಟು ನೀರು ಕುಡಿಯಿತು, ಎಷ್ಟು ಮೂತ್ರ ಹೋಯಿತು ಎಂದು ಅಳೆದು ಬರೆದಿಡುವುದೂ ಅಮ್ಮನೇ. ಲ್ಯಾಬಿಗೆ ಸ್ಯಾಂಪಲ್ ಒಯ್ಯುವುದು, ರಿಪೋರ್ಟ್ ತರುವುದು, ಬಿಲ್ ಕೌಂಟರಿನ ಸಾಲಲ್ಲಿ ನಿಲ್ಲುವುದು ಅಪ್ಪ, ಇಲ್ಲವೇ ಮಾವ, ಇಲ್ಲವೇ ಅಜ್ಜ. ಇಷ್ಟು ಕೆಲಸ ನಮ್ಮಿಂದ ಆಗುತ್ತದೆ. ಆದರೆ ಆ ಆಸ್ಪತ್ರೆ ಹೇಗೆ ನಡೆಯಬೇಕು ಎಂದು ತೀರ್ಮಾನ ಮಾಡುವ ಕೋಣೆಗೆ ನಮ್ಮನ್ನು ಕರೆಯುವುದಿಲ್ಲ. ಅದರ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಉಂಟು. ಕಿಡ್ನಿಯಿಂದ ಪ್ರೊಟೀನ್ ಮೂತ್ರದಲ್ಲಿ ಸೋರಿ ಹೋಗುವ ಕಾಯಿಲೆ. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಬಾವು ಬಂದಿರುತ್ತದೆ, ಮೊದಮೊದಲು ಎಲ್ಲರೂ ಅಲರ್ಜಿ ಅಂತಲೇ ಅಂದುಕೊಳ್ಳುತ್ತಾರೆ. ಸ್ಟೀರಾಯ್ಡ್ ಮಾತ್ರೆಗೆ ಕಡಿಮೆಯಾಗುತ್ತದೆ, ಆಮೇಲೆ ಒಂದು ಶೀತ ಜ್ವರ ಬಂದರೆ ಸಾಕು, ಎಷ್ಟೋ ಮಕ್ಕಳಿಗೆ ಮತ್ತೆ ಬರುತ್ತದೆ. ಅದಕ್ಕೇ ಈ ಕಾಯಿಲೆಯ ಮಕ್ಕಳ ಮನೆಯಲ್ಲಿ ಬೆಳಿಗ್ಗೆ ಎದ್ದು ಮೂತ್ರ ಪರೀಕ್ಷೆ ಮಾಡುವ ಅಭ್ಯಾಸ ಇರುತ್ತದೆ. ಪಟ್ಟಿ ಅದ್ದಿ ಬಣ್ಣ ನೋಡಬೇಕು. ಇಲ್ಲ, ಟ್ಯೂಬಿನಲ್ಲಿ ಕಾಯಿಸಿ ನೋಡಬೇಕು. ಬಂದದ್ದನ್ನು ಡೈರಿಯಲ್ಲಿ ಬರೆಯಬೇಕು: ನಿಲ್, ಟ್ರೇಸ್, ಒಂದು ಪ್ಲಸ್, ಎರಡು ಪ್ಲಸ್. ಮೂರು ದಿನ ಬಿಡದೆ ಮೂರು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಎಂದು ಅರ್ಥ. ಡಾಕ್ಟರು ಮೊದಲು ಕೇಳುವುದೇ ಆ ಡೈರಿಯನ್ನು. ನಾನು ಬರೆದ ಡೈರಿ ನೋಡಿಯೇ ಮಾತ್ರೆ ಜಾಸ್ತಿ ಮಾಡುವುದು, ಕಡಿಮೆ ಮಾಡುವುದು. ಅಂದರೆ ಚಿಕಿತ್ಸೆಯ ವಿಷಯದಲ್ಲಿ ನನ್ನ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಇದೆ. ಆ ನಂಬಿಕೆಗೆ ನಾನು ಋಣಿ. ನಮ್ಮ ಡಾಕ್ಟರುಗಳ ಮೇಲೆ ನನಗೆ ಕೋಪ ಇಲ್ಲ, ನನ್ನ ಮಗ ಇವತ್ತು ಶಾಲೆಗೆ ಹೋಗುತ್ತಿರುವುದೇ ಅವರಿಂದ.

ಆದರೆ ಅದೇ ಕಣ್ಣಿಗೆ ವಾರ್ಡಿನಲ್ಲಿ ಬೇರೆ ಎಷ್ಟೋ ಕಾಣುತ್ತದೆ. ಅದನ್ನು ಯಾರಿಗೆ ಹೇಳುವುದು?

ಉದಾಹರಣೆಗೆ ಊಟ. ಬಾವು ಇರುವಾಗ ಈ ಮಕ್ಕಳಿಗೆ ಉಪ್ಪು ಕಡಿಮೆ ಕೊಡಬೇಕು, ಫೈಲಿನಲ್ಲೂ ಹಾಗೇ ಬರೆದಿರುತ್ತಾರೆ. ನಾವು ಇದ್ದ ಒಂದು ಕಡೆ ವಾರ್ಡಿಗೆ ಬರುವ ಗಂಜಿ, ಸಾಂಬಾರು, ಉಪ್ಪಿನಕಾಯಿ ಎಲ್ಲ ಮಕ್ಕಳಿಗೂ ಒಂದೇ. ಬೇರೆ ಮಾಡಿ ತರೋಣವೆಂದರೆ ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಸಿಸ್ಟರಿಗೆ ಹೇಳಿದರೆ ಅದು ಕ್ಯಾಂಟೀನಿನವರ ವಿಷಯ ಅನ್ನುತ್ತಾರೆ. ಕ್ಯಾಂಟೀನಿನವರು ಗುತ್ತಿಗೆ ಹೀಗೇ ಇರುವುದು ಅನ್ನುತ್ತಾರೆ. ಡಾಕ್ಟರಿಗೆ ಹೇಳಿದರೆ ಪಾಪ, ಅವರು ಬೇಜಾರು ಮಾಡಿಕೊಂಡು ಚೀಟಿ ಬರೆದುಕೊಡುತ್ತಾರೆ, ಆ ಚೀಟಿ ಆ ಒಂದು ದಿನಕ್ಕೆ ನಡೆಯುತ್ತದೆ. ಕ್ಯಾಂಟೀನಿನ ಗುತ್ತಿಗೆ ಬರೆಯುವ ದಿನ ಆ ಮೇಜಿನ ಬಳಿ ಕಿಡ್ನಿ ಕಾಯಿಲೆಯ ಮಗುವಿನ ತಾಯಿ ಒಬ್ಬಳು ಕೂತಿದ್ದರೆ "ಉಪ್ಪಿಲ್ಲದ ಊಟ ಬೇರೆ ಬೇಕು" ಎಂಬ ಒಂದು ಸಾಲು ಅದರಲ್ಲಿ ಸೇರುತ್ತಿತ್ತು. ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಇನ್ನು ಬಸ್ಸು. ಡಿಸ್ಚಾರ್ಜ್ ಎಂದು ರೌಂಡ್ಸಿನಲ್ಲಿ ಬೆಳಿಗ್ಗೆಯೇ ಹೇಳುತ್ತಾರೆ. ಬಿಲ್ ಆಗಿ, ಔಷಧಿ ವಾಪಸು ಆಗಿ, ಸಹಿ ಆಗಿ ಕಾಗದ ಕೈಗೆ ಬರುವಾಗ ಸಂಜೆ. ಪೇಟೆಯಲ್ಲಿ ಮನೆ ಇರುವವರಿಗೆ ತೊಂದರೆ ಇಲ್ಲ. ಆದರೆ ಹೆಬ್ರಿ, ಬೈಂದೂರು, ಬೆಳ್ತಂಗಡಿ, ಸುಳ್ಯದ ಒಳಗಿನ ಊರುಗಳಿಗೆ ಹೋಗುವವರಿಗೆ ಕತ್ತಲಾದ ಮೇಲೆ ಬಸ್ಸು ಎಲ್ಲಿ? ಮಳೆಗಾಲದಲ್ಲಿ, ಈಗ ತಾನೇ ನ್ಯುಮೋನಿಯಾ ಗುಣವಾದ ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಅಮ್ಮಂದಿರನ್ನು ನಾನು ನೋಡಿದ್ದೇನೆ. ಕೆಲವರು ಆಟೋಗೆ, ಕಾರಿಗೆ ಸಾಲ ಮಾಡಿ ಹೋಗುತ್ತಾರೆ. ದೂರದ ಊರಿನವರ ಬಿಲ್ ಮೊದಲು ಮಾಡಿ ಎಂದು ಒಂದು ನಿಯಮ ಮಾಡಲು ಯಾವ ಕಷ್ಟವೂ ಇಲ್ಲ. ಕಾರಿನಲ್ಲಿ ಮನೆಗೆ ಹೋಗುವ ಆಡಳಿತದವರ ತಲೆಗೆ ಅದು ಹೊಳೆಯುವುದಿಲ್ಲ, ಅಷ್ಟೇ. ಅವರು ಕೆಟ್ಟವರು ಅಂತ ಅಲ್ಲ.

ಭಾಷೆಯದ್ದು ಇನ್ನೊಂದು. ನಮ್ಮ ಕಡೆ ವಾರ್ಡಿನ ಒಂದೇ ಸಾಲಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಮಲಯಾಳ ಎಲ್ಲ ಕೇಳುತ್ತದೆ. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದಿಂದಲೂ ಮಕ್ಕಳು ಬರುತ್ತಾರೆ. ರಾತ್ರಿ ಡ್ಯೂಟಿಯಲ್ಲಿ ಇರುವ ಕಲಿಯುವ ಡಾಕ್ಟರುಗಳು ಎಷ್ಟೋ ಸಲ ಬೇರೆ ರಾಜ್ಯದವರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ. ಡಿಸ್ಚಾರ್ಜ್ ಕಾಗದವೂ ಇಂಗ್ಲಿಷಿನಲ್ಲಿ. ಅಜ್ಜಿಯೊಬ್ಬರು ತುಳುವಿನಲ್ಲಿ ಮಗುವಿಗೆ ಹೇಗೆ ಫಿಟ್ಸ್ ಬಂತು ಎಂದು ಅಷ್ಟು ಸರಿಯಾಗಿ ಹೇಳುತ್ತಿರುತ್ತಾರೆ, ಬರೆದುಕೊಳ್ಳುವವರಿಗೆ ಅರ್ಥ ಆಗುವುದಿಲ್ಲ. ಪಕ್ಕದ ಹಾಸಿಗೆಯ ನಾವೇ ಹೇಳಿಕೊಡುತ್ತೇವೆ. ಅದು ಮಗುವಿನ ಪ್ರಾಣದ ವಿಷಯ, ಪಕ್ಕದ ಹಾಸಿಗೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಲ್ಲಬಾರದು.

ಇದೆಲ್ಲ ದೂರು ಪೆಟ್ಟಿಗೆಗೆ ಹಾಕಬಹುದಲ್ವಾ ಎಂದು ಕೇಳಬಹುದು. ಖಾಸಗಿ ಆಸ್ಪತ್ರೆಗಳ ಮೇಲೆ ದೂರು ಕೊಡಲು ನಮ್ಮ ರಾಜ್ಯದಲ್ಲಿ 2007ರ ಕಾಯ್ದೆ ಇದೆ, ಅದಕ್ಕೆ 2017ರಲ್ಲಿ ತಿದ್ದುಪಡಿ ಬಂತು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರವೂ ಇದೆ. ಇರಲಿ, ಬೇಕು. ಆದರೆ ದೂರು ಕೊಡುವುದು ತಪ್ಪು ಆದ ಮೇಲೆ. ಮಗು ಇನ್ನೂ ಅದೇ ಹಾಸಿಗೆಯಲ್ಲಿ ಮಲಗಿರುವಾಗ ಯಾವ ತಾಯಿ ದೂರು ಬರೆಯುತ್ತಾಳೆ ಹೇಳಿ? ನಾಳೆ ಅದೇ ಸಿಸ್ಟರ್ ಬಂದು ಸೂಜಿ ಹಾಕಬೇಕು. ಡಿಸ್ಚಾರ್ಜ್ ಆದ ಮೇಲೆ ಯಾರಿಗೂ ಬರೆಯುವಷ್ಟು ತ್ರಾಣ ಇರುವುದಿಲ್ಲ. ನಾನು ಕೇಳುತ್ತಿರುವುದು ಮೊದಲೇ ಕೂತು ಮಾತಾಡುವ ಜಾಗ.

ಇದು ಹೊಸದೇನೂ ಅಲ್ಲ. ನಮ್ಮ ಸರ್ಕಾರಿ ಶಾಲೆಗಳನ್ನೇ ನೋಡಿ. ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲಂತೂ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು ಎಂದು ಕಾನೂನೇ ಹೇಳುತ್ತದೆ. ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವ, ಶಾಲೆಯ ಅಭಿವೃದ್ಧಿ ಯೋಜನೆ ಮಾಡುವ ಅಧಿಕಾರ ಆ ಸಮಿತಿಗೆ ಇದೆ. ನಮ್ಮ ಊರಿನ ಶಾಲೆಯಲ್ಲಿ ಗದ್ದೆ ಕೆಲಸದವರು, ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು ಎಸ್‌ಡಿಎಂಸಿಯಲ್ಲಿ ಕೂತು ಶೌಚಾಲಯದ ಲೆಕ್ಕ ಕೇಳಿದ್ದಾರೆ, ಬಿಸಿಯೂಟದ ಅಕ್ಕಿ ನೋಡಿದ್ದಾರೆ. ಅವರಿಗೆ ಪಾಠ ಮಾಡಲು ಬರುತ್ತದಾ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇಲ್ಲ. ಅದೇ ಅಪ್ಪ, ಅದೇ ಅಮ್ಮ, ಅದೇ ಮಗು ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಬರೀ "ಅಟೆಂಡರ್" ಆಗಿಬಿಡುತ್ತಾರೆ, ಕೈಗೆ ಒಂದು ಪಾಸ್ ಕೊಡುತ್ತಾರೆ. ಯಾಕೆ ಹೀಗೆ?

ಸರ್ಕಾರಿ ಆಸ್ಪತ್ರೆಗಳಿಗೆ ಸಮಿತಿ ಇಲ್ಲ ಎಂದಲ್ಲ. ಆರೋಗ್ಯ ರಕ್ಷಾ ಸಮಿತಿ ಅಂತ ಇದೆ, ಬೇರೆ ರಾಜ್ಯಗಳಲ್ಲಿ ರೋಗಿ ಕಲ್ಯಾಣ ಸಮಿತಿ ಎನ್ನುತ್ತಾರೆ. ಅದು ಹುಟ್ಟಿದ ಕಥೆ ಚೆನ್ನಾಗಿದೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭಯ ಬಂತು. ಆ ಹೊತ್ತಿನಲ್ಲಿ ಇಂದೋರಿನ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಅಲ್ಲಿನ ಜಿಲ್ಲಾಡಳಿತ ಜನರನ್ನು ಸೇರಿಸಿಕೊಂಡು ಪೂರ್ತಿ ಸ್ವಚ್ಛ ಮಾಡಿಸಿತು, ಆಮೇಲೆ ಅದು ಮತ್ತೆ ಹಾಳಾಗದಂತೆ ನೋಡಿಕೊಳ್ಳಲು ಒಂದು ಸಮಿತಿ ಮಾಡಿತು. ಮಧ್ಯಪ್ರದೇಶ ಅದನ್ನು ಇಡೀ ರಾಜ್ಯಕ್ಕೆ ತಂದಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ದೇಶಕ್ಕೆಲ್ಲ ಬಂತು. ಸಮಿತಿ ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ. ಆಸ್ಪತ್ರೆಯಲ್ಲಿ ವಸೂಲಾದ ಶುಲ್ಕ ಅಲ್ಲೇ ಖರ್ಚು ಮಾಡಬಹುದು, ಸರ್ಕಾರದಿಂದ ಅನುದಾನವೂ ಬರುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದರಲ್ಲಿ ಕೂರುವವರು ಯಾರು ನೋಡಿ: ಅಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು, ವೈದ್ಯರು, ಸಂಘ ಸಂಸ್ಥೆಯವರು, ಗಣ್ಯರು, ದಾನಿಗಳು. ದಾನಿಗಳು ಕೂರಲಿ, ಸಂತೋಷ. ಈಗ ವಾರ್ಡಿನಲ್ಲಿ ಮಗುವನ್ನು ಮಲಗಿಸಿರುವ ಅಮ್ಮನಿಗೆ ಎಂದೇ ಮೀಸಲಿಟ್ಟ ಜಾಗ ಮಾತ್ರ ಇಲ್ಲ.

ಉಡುಪಿಯ ಸರ್ಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಜಾಗ ಹಾಜಿ ಅಬ್ದುಲ್ಲಾ ಸಾಹೇಬರು ದಾನವಾಗಿ ಕೊಟ್ಟದ್ದು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಆಸ್ಪತ್ರೆ ಖಾಸಗಿ ಸಹಭಾಗಿತ್ವಕ್ಕೆ ಹೋಯಿತು, ಆಮೇಲೆ 2022ರಲ್ಲಿ ಮತ್ತೆ ಸರ್ಕಾರದ ಕೈಗೆ ಬಂತು. ಎರಡೂ ದೊಡ್ಡ ತೀರ್ಮಾನಗಳು. ಯಾವುದು ಸರಿ ಯಾವುದು ತಪ್ಪು ಎಂದು ನಾನು ಇಲ್ಲಿ ವಾದ ಮಾಡುವುದಿಲ್ಲ. ಆದರೆ ಅಲ್ಲೇ ಹೆತ್ತ, ಅಲ್ಲೇ ಮಕ್ಕಳಿಗೆ ಔಷಧಿ ಮಾಡಿಸಿದ ಹೆಂಗಸರು ಆ ಸಭೆಗಳಲ್ಲಿ ಸದಸ್ಯರಾಗಿ ಕೂತು ಮಾತಾಡುವಂತೆ ಇದ್ದಿದ್ದರೆ ಚರ್ಚೆಯೇ ಬೇರೆ ರೀತಿ ಇರುತ್ತಿತ್ತು ಎಂದು ನನ್ನ ನಂಬಿಕೆ.

ಸರ್ಕಾರಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ ಎಂದೂ ಹೇಳಲಾರೆ. ನವಜಾತ ಶಿಶುಗಳ ವಿಶೇಷ ಘಟಕಗಳಲ್ಲಿ ಅಪ್ಪ-ಅಮ್ಮಂದಿರನ್ನು ಒಳಗೆ ಬಿಟ್ಟು, ಕೈ ತೊಳೆಯುವುದರಿಂದ ಹಿಡಿದು ಹಾಲು ಕುಡಿಸುವುದು, ಎದೆಗವಚಿಕೊಂಡು ಬೆಚ್ಚಗಿಡುವುದು, ಅಪಾಯದ ಲಕ್ಷಣ ಗುರುತಿಸುವುದು ಎಲ್ಲ ಕಲಿಸಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2017ರಲ್ಲಿ ಮಾರ್ಗಸೂಚಿ ತಂದಿದೆ. ಒಂದೂವರೆ ಕಿಲೋ ತೂಕದ ಮಗುವನ್ನು ನೋಡಿಕೊಳ್ಳಲು ನಮ್ಮನ್ನು ನಂಬುತ್ತಾರೆ. 2021ರಲ್ಲಿ ಮುಸ್ಕಾನ್ ಎಂಬ ಯೋಜನೆ ಬಂತು, ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಸೇವೆ ಮಕ್ಕಳಿಗೆ ಒಗ್ಗುವ ಹಾಗೆ ಇರಬೇಕು ಎಂದು. ಬಹಳ ಒಳ್ಳೆಯದು. ಆದರೆ ಗೋಡೆಯಲ್ಲಿ ಚಿತ್ರ ಬರೆದು, ಆಟದ ಸಾಮಾನು ತಂದು ಇಟ್ಟ ಮೇಲೆ, ಪರಿಶೀಲನೆಗೆ ಬಂದವರು ವಾಪಸು ಹೋದ ಮೇಲೆ, ಆಟದ ಕೋಣೆಗೆ ಬೀಗ ಬಿದ್ದಿದೆಯಾ ಇಲ್ಲವಾ ಎಂದು ದಿನಾ ನೋಡುವವರು ನಾವು ತಾನೆ?

ಹೊರದೇಶದ ಮಾತು ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಲೇಬೇಕು. ಒಂದು ಕಾಲದಲ್ಲಿ ಇಂಗ್ಲೆಂಡಿನ ಮಕ್ಕಳ ವಾರ್ಡುಗಳಲ್ಲಿ ಅಮ್ಮಂದಿರನ್ನು ಇರಲು ಬಿಡುತ್ತಲೇ ಇರಲಿಲ್ಲ. ಎಷ್ಟೋ ಕಡೆ ವಾರದಲ್ಲಿ ಸ್ವಲ್ಪ ಹೊತ್ತು ಬಂದು ನೋಡಿ ಹೋಗಬೇಕಿತ್ತು. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಪ್ಲಾಟ್ ಸಮಿತಿ ಅಪ್ಪ-ಅಮ್ಮಂದಿರಿಗೆ ಯಾವಾಗ ಬೇಕಾದರೂ ಬರಲು ಬಿಡಿ ಎಂದು ಹೇಳಿತು. ಹೇಳಿದ ಮೇಲೂ ಆಸ್ಪತ್ರೆಗಳು ಬದಲಾಗಲಿಲ್ಲ, ಅಮ್ಮಂದಿರೇ 1961ರಲ್ಲಿ ಸಂಘ ಕಟ್ಟಿ ಬೆನ್ನು ಹತ್ತಿದರು. ಆ ವಿಷಯದಲ್ಲಿ ನಾವು ಮೊದಲಿನಿಂದಲೂ ಮುಂದೆ, ನಮ್ಮ ಅಮ್ಮಂದಿರು ಮಗುವಿನ ಹಾಸಿಗೆ ಬಿಟ್ಟು ಹೋದವರೇ ಅಲ್ಲ.

ಆಮೇಲೆ ಬ್ರಿಸ್ಟಲ್ ಎಂಬ ಊರಿನಲ್ಲಿ ಆದದ್ದು. ಅಲ್ಲಿನ ಆಸ್ಪತ್ರೆಯಲ್ಲಿ 1980ರ ದಶಕದಿಂದ 1995ರ ತನಕ ಹೃದಯದ ಆಪರೇಷನ್ ಆದ ಪುಟ್ಟ ಮಕ್ಕಳು ಬೇರೆ ಕಡೆಗಿಂತ ಜಾಸ್ತಿ ಸಾಯುತ್ತಿದ್ದರು. ಒಳಗಿನ ಕೆಲವರಿಗೆ ಗೊತ್ತಿತ್ತು, ಅಪ್ಪ-ಅಮ್ಮಂದಿರಿಗೆ ಯಾರೂ ಹೇಳಲಿಲ್ಲ. ಮಕ್ಕಳನ್ನು ಕಳೆದುಕೊಂಡವರೇ ಒಟ್ಟಾಗಿ ವಿಚಾರಣೆ ಬೇಕೆಂದು ಹಟ ಹಿಡಿದರು. 2001ರಲ್ಲಿ ಬಂದ ವಿಚಾರಣಾ ವರದಿ, ಜನರ ದನಿ ಆಸ್ಪತ್ರೆ ಆಡಳಿತದ ಒಳಗೇ ಇರಬೇಕು ಎಂದಿತು. 2003ರ ಕಾನೂನಿನಿಂದ ಅಲ್ಲಿ ಫೌಂಡೇಶನ್ ಟ್ರಸ್ಟ್ ಎಂಬ ಆಸ್ಪತ್ರೆಗಳು ಬಂದವು. ಅವುಗಳಲ್ಲಿ ಗವರ್ನರುಗಳ ಸಭೆ ಇರುತ್ತದೆ. ಅದಕ್ಕೆ ಜನರು, ರೋಗಿಗಳು, ಸಿಬ್ಬಂದಿ ಓಟು ಹಾಕಿ ಪ್ರತಿನಿಧಿಗಳನ್ನು ಕಳಿಸುತ್ತಾರೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರಷ್ಟು ಹಳೆಯದು, 2012ರಲ್ಲಿ ಈ ವ್ಯವಸ್ಥೆಗೆ ಬಂತು. ಅಲ್ಲಿ ಚಿಕಿತ್ಸೆ ಪಡೆದವರಿಗೂ ಅಪ್ಪ-ಅಮ್ಮಂದಿರಿಗೂ ಬೇರೆ ಬೇರೆ ಸ್ಥಾನ ಉಂಟು, ಹತ್ತು ವರ್ಷ ತುಂಬಿದ ಮಕ್ಕಳೂ ಸದಸ್ಯರಾಗಬಹುದು. ಆಡಳಿತ ಮಂಡಳಿಯ ಅಧ್ಯಕ್ಷರನ್ನು ನೇಮಿಸುವ, ಬೇಕಾದರೆ ತೆಗೆಯುವ ಅಧಿಕಾರವೂ ಗವರ್ನರುಗಳ ಸಭೆಗೆ ಇದೆ.

ಅಲ್ಲಿ ಎಲ್ಲ ಸರಿ ಇದೆ ಎಂದಲ್ಲ. ಗವರ್ನರುಗಳ ಸಭೆ ಕಡ್ಡಾಯ ಬೇಡ ಎಂಬ ಯೋಜನೆಯನ್ನು 2025ರಲ್ಲಿ ಅಲ್ಲಿನ ಸರ್ಕಾರವೇ ಮುಂದಿಟ್ಟಿದೆ. ನನಗೆ ಅನಿಸುವುದು, ಹತ್ತಾರು ಜನರ ದೊಡ್ಡ ಸಭೆ ಮಾಡಿ ಟೀ ಕುಡಿಸಿ ಕಳಿಸಿದರೆ ಎಲ್ಲಿಯಾದರೂ ಅದು ಶಾಸ್ತ್ರಕ್ಕೇ ಆಗುತ್ತದೆ. ಜನ ಕಡಿಮೆ ಇದ್ದರೂ ಪರವಾಗಿಲ್ಲ, ಅವರು ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಕೊಡಬೇಕು ಎಂಬ ನಿಯಮ ಮುಖ್ಯ.

ಅಪ್ಪ-ಅಮ್ಮನ ಮಾತಿಗೆ ಬೆಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಹೇಳುತ್ತೇನೆ. 2021ರಲ್ಲಿ ಮಾರ್ತಾ ಎಂಬ 13 ವರ್ಷದ ಹುಡುಗಿ ವೇಲ್ಸ್‌ನಲ್ಲಿ ಸೈಕಲ್‌ನಿಂದ ಬಿದ್ದು ಲಂಡನ್ನಿನ ಆಸ್ಪತ್ರೆ ಸೇರಿದಳು, ಆಮೇಲೆ ಸೋಂಕು ರಕ್ತಕ್ಕೆ ಹರಡಿ ತೀರಿಹೋದಳು. ಮಗಳ ಸ್ಥಿತಿ ಸರಿ ಇಲ್ಲ ಎಂದು ಅಮ್ಮ ಹೇಳಿದರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬೇಗ ಐಸಿಯುಗೆ ಹಾಕಿದ್ದರೆ ಉಳಿಯುವ ಸಾಧ್ಯತೆ ಇತ್ತು ಎಂದು ಮುಂದೆ ತನಿಖೆಯಲ್ಲಿ ಬಂತು. ಆ ಅಪ್ಪ-ಅಮ್ಮನ ಹೋರಾಟದಿಂದ 2024ರಲ್ಲಿ ಇಂಗ್ಲೆಂಡಿನ 143 ಆಸ್ಪತ್ರೆಗಳಲ್ಲಿ ಮಾರ್ತಾ ನಿಯಮ ಶುರುವಾಯಿತು. ಮಗು ಹದಗೆಡುತ್ತಿದೆ ಎಂದು ಮನೆಯವರಿಗೆ ಅನಿಸಿದರೆ ಬೇರೆ ತಂಡ ಬಂದು ತಕ್ಷಣ ನೋಡಬೇಕು. ಅದೇ ಆ ನಿಯಮದ ತಿರುಳು. ನಮ್ಮ ವಾರ್ಡುಗಳಲ್ಲಿ ರಾತ್ರಿ ಎರಡು ಗಂಟೆಗೆ "ಇವನು ಮಾಮೂಲಿ ಹಾಗಿಲ್ಲ ಸಿಸ್ಟರ್" ಎಂದು ಹೇಳುವ ಅಮ್ಮನಿಗೆ "ನೀವು ಸುಮ್ನೆ ಹೆದರಬೇಡಿ" ಎಂಬ ಉತ್ತರ ಎಷ್ಟು ಸಲ ಸಿಗುತ್ತದೆ, ಇದನ್ನು ಓದುತ್ತಿರುವ ತಾಯಂದಿರೇ ಹೇಳಲಿ.

ಹೊರದೇಶ ಬೇಡ, ನಮ್ಮ ಪಕ್ಕದ ದಕ್ಷಿಣ ಕನ್ನಡ ಜಿಲ್ಲೆಗೇ ಬರೋಣ. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು, ಅಲ್ಲಿನ ಮಕ್ಕಳ ಪಾಡು ಏನಾಯಿತು ಎಂಬುದು ನಿಮ್ಮ ಓದುಗರಿಗೆ ಗೊತ್ತು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಹೊತ್ತುಕೊಂಡು ಅಪ್ಪ-ಅಮ್ಮಂದಿರು ವರ್ಷಗಟ್ಟಲೆ ಧರಣಿ, ಮನವಿ, ಕೋರ್ಟು ಎಂದು ಓಡಾಡಿದ ಮೇಲೆ ಮಾಸಾಶನ ಬಂತು, ಕೊಕ್ಕಡದಲ್ಲಿ, ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದವು. ಆ ಮಕ್ಕಳಿಗೆ ಏನು ಬೇಕು ಎಂದು ಅವರ ಅಮ್ಮಂದಿರಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ಆದರೂ ಅವರು ಎಲ್ಲವನ್ನೂ ರಸ್ತೆಯಲ್ಲಿ ನಿಂತೇ ಕೇಳಬೇಕಾಯಿತು. ತಮ್ಮ ನಂತರ ಈ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಅವರ ಪ್ರಶ್ನೆಗೆ ಶಾಶ್ವತ ಉತ್ತರ ಸಿಗಬೇಕಾದರೆ ಅವರು ಸಮಿತಿಯ ಒಳಗೇ ಇರಬೇಕು.

ಮಕ್ಕಳ ಮಾತು ಯಾರು ಕೇಳುತ್ತಾರೆ ಎನ್ನುವವರಿಗೂ ನಮ್ಮ ಕುಂದಾಪುರದ ಕಡೆಯಿಂದಲೇ ಉತ್ತರ ಇದೆ. 1990ರ ದಶಕದಲ್ಲೇ ಅಲ್ಲಿ ಮಕ್ಕಳ ಪಂಚಾಯಿತಿಗಳು ನಡೆದಿವೆ. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಆಗುತ್ತದೆ. ಮಕ್ಕಳು ಎದ್ದು ನಿಂತು ಕಾಲುಸಂಕ ಬೇಕು, ಶಾಲೆಗೆ ಶೌಚಾಲಯ ಬೇಕು, ಬಸ್ಸು ನಿಲ್ಲಿಸುವುದಿಲ್ಲ ಎಂದೆಲ್ಲ ಅಧಿಕಾರಿಗಳ ಮುಖ ನೋಡಿಯೇ ಹೇಳುತ್ತಾರೆ. ಪಂಚಾಯಿತಿಯಲ್ಲಿ ಹೇಳಬಲ್ಲ ಮಗು ಆಸ್ಪತ್ರೆಯಲ್ಲೂ ಹೇಳಬಲ್ಲದು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳು ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಾರೆ. ಸಕ್ಕರೆ ಕಾಯಿಲೆಯ ಮಕ್ಕಳು ದಿನಕ್ಕೆ ಮೂರು ನಾಲ್ಕು ಸಲ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಹದಿನಾಲ್ಕು ಹದಿನೈದು ವರ್ಷಕ್ಕೆ ಬಂದ ಮೇಲೆ ಅವರನ್ನು ಒಂದೋ ಹಸುಗೂಸುಗಳ ಜೊತೆ ಮಲಗಿಸುತ್ತಾರೆ, ಇಲ್ಲವೇ ದೊಡ್ಡವರ ವಾರ್ಡಿಗೆ ಹಾಕುತ್ತಾರೆ. ಹುಡುಗಿಯರಿಗಂತೂ ಬಹಳ ಕಷ್ಟ. ಅವರನ್ನು ಕೇಳಿ, ಒಂದು ಪರದೆ ಎಲ್ಲಿ ಹಾಕಬೇಕು ಎಂದು ಅವರೇ ಹೇಳುತ್ತಾರೆ. ನನ್ನ ಮಗನನ್ನು ಕೇಳಿದರೆ ಅವನದು ಒಂದೇ ಬೇಡಿಕೆ. ಸೂಜಿ ಹಾಕುವ ಮೊದಲು "ನೋಯುವುದೇ ಇಲ್ಲ" ಎಂದು ಹೇಳಬೇಡಿ, ನೋಯುತ್ತದೆ ಅಂತಲೇ ಹೇಳಿ, ನಾನು ಕೈ ಗಟ್ಟಿ ಹಿಡಿದುಕೊಳ್ಳುತ್ತೇನೆ ಎನ್ನುತ್ತಾನೆ.

ಇನ್ನು ಆಕ್ಷೇಪಗಳು. ಓದಿಲ್ಲದವರು ವೈದ್ಯಕೀಯಕ್ಕೆ ಕೈ ಹಾಕಬಾರದು ಎನ್ನುತ್ತಾರೆ. ಯಾರೂ ಕೈ ಹಾಕುವುದಿಲ್ಲ ಮಾರಾಯ್ರೆ. ಯಾವ ಔಷಧಿ, ಎಷ್ಟು ಡೋಸ್, ಯಾವ ಆಪರೇಷನ್ ಎಂಬುದು ಡಾಕ್ಟರದ್ದೇ. ಬೇರೆ ಮಕ್ಕಳ ಫೈಲು ನಮಗೆ ಬೇಡವೇ ಬೇಡ. ಒಬ್ಬ ಡಾಕ್ಟರು, ಒಬ್ಬ ಸಿಸ್ಟರ್ ಮೇಲಿನ ದೂರು ಸಹ ಈ ಸಮಿತಿಗೆ ಬರಬಾರದು, ಅದಕ್ಕೆ ಬೇರೆ ದಾರಿ ಇದೆ.

ಸಿಟ್ಟಿನ ಜನ ಬಂದು ಗಲಾಟೆ ಮಾಡುತ್ತಾರೆ ಎಂಬ ಭಯವೂ ಇದೆ. ಈ ಭಯ ನನಗೆ ಅರ್ಥ ಆಗುತ್ತದೆ. ಡಾಕ್ಟರುಗಳ ಮೇಲೆ ಕೈ ಮಾಡುವುದು, ಆಸ್ಪತ್ರೆ ಗಾಜು ಒಡೆಯುವುದು ಕ್ಷಮಿಸಲಾಗದ ಕೆಲಸ. ಅದನ್ನು ತಡೆಯಲು ನಮ್ಮ ರಾಜ್ಯ 2009ರಲ್ಲಿ ಕಾನೂನನ್ನೇ ಮಾಡಿದೆ. ಆದರೆ ಕಾನೂನು ಬರುವುದು ಗಾಜು ಒಡೆದ ಮೇಲೆ. ಗಲಾಟೆ ಶುರುವಾಗುವುದು ಹೆಚ್ಚಾಗಿ ಮಗುವಿಗೆ ಏನಾಯಿತು ಎಂದು ಯಾರೂ ನೆಟ್ಟಗೆ ಹೇಳದೇ ಇದ್ದಾಗ. ಐಸಿಯು ಬಾಗಿಲಲ್ಲಿ ಕೂತವರಿಗೆ ದಿನಕ್ಕೆ ಎರಡು ಹೊತ್ತು ಅವರ ಭಾಷೆಯಲ್ಲಿ ಒಬ್ಬರು ಬಂದು ವಿಷಯ ಹೇಳಬೇಕು ಎಂಬ ಪದ್ಧತಿಯನ್ನು ಅಪ್ಪ-ಅಮ್ಮಂದಿರ ಸಮಿತಿಯೇ ಮೊದಲು ಕೇಳುತ್ತದೆ ನೋಡಿ. ಅದರಿಂದ ಡಾಕ್ಟರಿಗೂ ರಕ್ಷಣೆ.

ರಾಜಕೀಯ ನುಗ್ಗುತ್ತದೆ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಶಾಸಕರು ಹೇಳಿದವರು, ಪಕ್ಷದವರು, ಯಾರದೋ ಸಂಬಂಧಿಕರು ಬಂದು ಕೂತರೆ ಇಷ್ಟೆಲ್ಲ ಬರೆದದ್ದು ವ್ಯರ್ಥ. ಅದಕ್ಕೆ ನನ್ನ ಸಲಹೆ ಇದು: ಆ ಆಸ್ಪತ್ರೆಯಲ್ಲಿ ಮಗುವಿಗೆ ಚಿಕಿತ್ಸೆ ಪಡೆದವರು ಇಷ್ಟವಿದ್ದರೆ ಹೆಸರು ಕೊಡಲಿ, ಎಲ್ಲರೆದುರು ಚೀಟಿ ಎತ್ತಿ ಆರಿಸಿ. ಎರಡು ವರ್ಷಕ್ಕೆ ಬದಲಾಯಿಸಿ. ಅರ್ಧ ಹೆಂಗಸರು ಇರಲಿ. ದೂರದ ತಾಲೂಕಿನವರು, ಪದೇ ಪದೇ ಅಡ್ಮಿಟ್ ಆಗುವ ಮಕ್ಕಳ ಮನೆಯವರು ಇರಲೇಬೇಕು. ಬಂದವರಿಗೆ ಬಸ್ ಖರ್ಚು ಮತ್ತು ಆ ದಿನದ ಕೂಲಿ ಕೊಡಿ. ನಮ್ಮ ಎರಡು ಜಿಲ್ಲೆಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಬೀಡಿ ಕಟ್ಟುವ ತಾಯಿ ಒಂದು ದಿನ ಸಭೆಗೆ ಬಂದರೆ ಆ ದಿನದ ಸಂಪಾದನೆ ಹೋಯಿತು. ಇದನ್ನು ಕೊಡದಿದ್ದರೆ ಪೇಟೆಯ, ಅನುಕೂಲಸ್ಥರ ಸಮಿತಿ ಆಗುತ್ತದೆ. ಸಭೆ ತುಳು, ಕನ್ನಡದಲ್ಲಿ ನಡೆಯಲಿ. ಬಜೆಟ್ ಓದುವುದು ಹೇಗೆ ಎಂದು ಮೊದಲೇ ಒಂದು ದಿನ ಕೂರಿಸಿ ಹೇಳಿಕೊಡಿ, ಎಸ್‌ಡಿಎಂಸಿಯವರಿಗೆ ತರಬೇತಿ ಕೊಡುತ್ತಾರಲ್ಲ, ಹಾಗೆ.

ಮಗುವನ್ನು ಕಳೆದುಕೊಂಡ ಅಪ್ಪ-ಅಮ್ಮಂದಿರಿಗೂ ಒಂದು ಜಾಗ ಇರಲಿ ಎಂದು ನನ್ನ ಆಸೆ. ಅವರಾಗಿ ಬರಲು ಇಷ್ಟಪಟ್ಟರೆ ಮಾತ್ರ, ಯಾರೂ ಒತ್ತಾಯ ಮಾಡಬಾರದು. ನಮ್ಮ ಜೊತೆ ವಾರ್ಡಿನಲ್ಲಿ ಇದ್ದ ಒಂದು ಮಗು ಈಗ ಇಲ್ಲ. ಅದರ ಅಮ್ಮ ನನ್ನ ಹತ್ತಿರ ಹೇಳಿದ್ದು ಇಷ್ಟೇ: ಕೊನೆಯ ಹೊತ್ತಿನಲ್ಲಿ ಮಗುವಿನ ಹತ್ತಿರ ಇರಲು ಬಿಡಬೇಕಿತ್ತು. ಅವರು ಯಾರ ಮೇಲೂ ತಪ್ಪು ಹೊರಿಸಲಿಲ್ಲ, ಪರಿಹಾರ ಕೇಳಲಿಲ್ಲ. ಆ ಒಂದು ಮಾತು ಐಸಿಯುವಿನ ನಿಯಮ ಬರೆಯುವವರ ಕಿವಿಗೆ ಬೀಳಬೇಕು. ಕಾಗದದಲ್ಲಿ ಬರೆದು ಪೆಟ್ಟಿಗೆಗೆ ಹಾಕುವಂಥ ಮಾತಲ್ಲ ಅದು, ಎದುರು ಕೂತು ಹೇಳುವಂಥದ್ದು.

ಕೊನೆಗೆ ಕೇಳುವುದು ಇಷ್ಟು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ, ಲೇಡಿಗೋಷನ್ ಹೆರಿಗೆ ಆಸ್ಪತ್ರೆಗೆ, ಉಡುಪಿಯ ತಾಯಿ-ಮಕ್ಕಳ ಆಸ್ಪತ್ರೆಗೆ ಸಂಬಂಧಪಟ್ಟ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಕಡಿಮೆಯೆಂದರೆ ನಾಲ್ಕು ಜಾಗ ಮಕ್ಕಳ ಪೋಷಕರಿಗೆ ಮೀಸಲಿಡಿ. ಶಾಲೆಯ ಹಾಗೆ ನಾಲ್ಕರಲ್ಲಿ ಮೂರು ಪಾಲು ಎಂದು ನಾನು ಈಗಲೇ ಕೇಳುವುದಿಲ್ಲ. ನಾಲ್ಕು ಜನರಿಂದ ಶುರು ಮಾಡಿ. ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳು ಮನಸ್ಸು ಮಾಡಿ ಮುಂದಿನ ಸಭೆಯಲ್ಲಿ ಈ ವಿಷಯ ಇಟ್ಟರೆ, ಸರ್ಕಾರಕ್ಕೆ ಒಂದು ಪ್ರಸ್ತಾವ ಹೋದರೆ, ಅಷ್ಟೇ ದೊಡ್ಡ ಕೆಲಸ. ಖಾಸಗಿ ಮತ್ತು ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಸರ್ಕಾರದ ಆದೇಶಕ್ಕೆ ಕಾಯುವ ಅಗತ್ಯವೇ ಇಲ್ಲ, ಮಕ್ಕಳ ವಿಭಾಗಕ್ಕೆ ಒಂದು ಪೋಷಕರ ಸಮಿತಿ ಮಾಡಿ, ಮೂರು ತಿಂಗಳಿಗೊಮ್ಮೆ ಸಭೆ ಕರೆದು, ಅಲ್ಲಿ ಕೇಳಿದ್ದಕ್ಕೆ ಒಂದು ತಿಂಗಳ ಒಳಗೆ ಆಯಿತು ಅಥವಾ ಆಗುವುದಿಲ್ಲ, ಯಾಕೆ ಎಂದು ಬರೆದು ವಾರ್ಡಿನ ಗೋಡೆಗೆ ಅಂಟಿಸಲಿ.

ಇದನ್ನು ಓದಿದ ಬೇರೆ ಪೋಷಕರು, ಸಿಸ್ಟರುಗಳು, ಡಾಕ್ಟರುಗಳು ಇದೇ ಅಂಕಣಕ್ಕೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ವಿರೋಧ ಇದ್ದರೂ ಬರೆಯಿರಿ. ಸಮಿತಿ ಮಾಡುತ್ತೇವೆ ಎಂದು ಯಾವುದಾದರೂ ಆಸ್ಪತ್ರೆ ಮುಂದೆ ಬಂದರೆ ಹೆಸರು ಕೊಡಲು ನಾನೂ, ನನ್ನ ಪರಿಚಯದ ಇನ್ನು ಕೆಲವು ತಾಯಂದಿರೂ ತಯಾರಿದ್ದೇವೆ.

ಇತಿ,
ಒಬ್ಬ ತಾಯಿ, ಹೆಬ್ರಿ